ಬೇರೆ ಬಾಯಿಗೆ ಸಿಕ್ಕ ಹೆಸರು

ತಿಪ್ಪಸಂದ್ರದ ಹೋಬಳಿಯಿಂದ ಹೊರನಾಡಿನ ಹಾಜರಿ ಪುಸ್ತಕದವರೆಗೆ

ಒಂದು ಭಾಷೆಯ ಹೆಸರನ್ನು ಇನ್ನೊಂದು ಭಾಷೆಯ ನಾಡಿನಲ್ಲಿ ಬೆಳೆಯಲಿರುವ ಮಗುವಿಗೆ ಇಡುವ ತಂದೆತಾಯಿಯರು ಒಂದೇ ಪದವನ್ನು ಎರಡು ಬಗೆಯ ಬಾಯಿಗಳಿಗೆ ಒಪ್ಪಿಸುತ್ತಾರೆ. ಮನೆಯವರು ಅದನ್ನು ಹುಟ್ಟುನುಡಿಯ ಉಚ್ಚಾರಣೆಯಲ್ಲಿ ಕರೆದರೆ, ಶಾಲೆ, ಆಸ್ಪತ್ರೆ, ಕಚೇರಿಗಳು ಆ ನಾಡಿನ ಬರವಣಿಗೆಯ ರೂಢಿಯಂತೆ ಓದುತ್ತವೆ. ಇಂಗ್ಲಿಷ್ ಆಡುವ ದೇಶಗಳಲ್ಲಿ ನೆಲೆಸಿ ಮಕ್ಕಳಿಗೆ ಫ್ರೆಂಚ್ ಹೆಸರಿಡಬಯಸುವ ಕುಟುಂಬಗಳು ಎದುರಿಸುವ ಈ ಪ್ರಶ್ನೆಯೇ, ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂಥ ಹೋಬಳಿಗಳಿಂದ ಬೆಂಗಳೂರಿಗೂ ಅಲ್ಲಿಂದ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಿಗೂ ಹೋದ ಕನ್ನಡ ಕುಟುಂಬಗಳ ಮುಂದೆ ಇನ್ನಷ್ಟು ತೊಡಕಾಗಿ ನಿಲ್ಲುತ್ತದೆ. ಏಕೆಂದರೆ ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳಿಗೆ ಲಿಪಿ ಒಂದೇ, ಹೆಸರು ಮತ್ತು ಕುಲನಾಮ ಎಂಬ ವಿಭಾಗವೂ ಒಂದೇ, ಆದರೆ ಕನ್ನಡದ ಹೆಸರು ಗಡಿ ದಾಟುವಾಗ ಲಿಪಿ, ಧ್ವನಿ, ರಚನೆ, ಕರೆಯುವ ರೀತಿ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ.

ಯಾರ ಹೆಸರು ಎಂಬ ಪ್ರಶ್ನೆ

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಯ ಹಳೆಯ ಹೆಸರುಗಳನ್ನು ಸಾಲಾಗಿ ನೋಡಿದರೆ ಅವು ಆಯ್ಕೆಯಿಂದಲ್ಲ, ಹಕ್ಕಿನಿಂದ ಬಂದವು ಎಂಬುದು ತಿಳಿಯುತ್ತದೆ. ಮಗುವಿನ ಹೆಸರು ಮನೆದೇವರದ್ದಾಗಿರುತ್ತಿತ್ತು, ಇಲ್ಲವೇ ಅಜ್ಜ ಅಜ್ಜಿಯರದ್ದಾಗಿರುತ್ತಿತ್ತು. ಬಹುಪಾಲು ಅಜ್ಜನ ಹೆಸರೇ ಮನೆದೇವರ ಹೆಸರಾಗಿದ್ದುದರಿಂದ ಈ ಎರಡರ ನಡುವೆ ಜಗಳವೂ ಇರಲಿಲ್ಲ. ಮಾಗಡಿಯ ತಿರುಮಲೆ ರಂಗನಾಥನ ಒಕ್ಕಲಿನಲ್ಲಿ ರಂಗಯ್ಯ, ರಂಗಮ್ಮ, ರಂಗಸ್ವಾಮಿಯರು, ರೇವಣಸಿದ್ಧೇಶ್ವರ ಬೆಟ್ಟದ ಭಕ್ತರಲ್ಲಿ ರೇವಣ್ಣ, ರೇವಮ್ಮರು, ಕನಕಪುರ ತಾಲ್ಲೂಕಿನ ಕಬ್ಬಾಳಿನ ಸುತ್ತ ಕಬ್ಬಾಳಯ್ಯ, ಕಬ್ಬಾಳಮ್ಮರು, ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ದೇವರ ಹೆಸರು ಹೊತ್ತ ಅಪ್ರಮೇಯರು ಹೀಗೆ ಹುಟ್ಟಿದರು. ವಿಧಾನಸೌಧವನ್ನು ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹೆಸರಿನಲ್ಲಿ ಕೆಂಗಲ್ಲಿನ ಆಂಜನೇಯನೂ ಆ ಊರೂ ಎರಡೂ ಕೂಡಿವೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗೆ ಹುಟ್ಟಿದ ಶಿವಣ್ಣ ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದಾಗ ಹೆಸರು ಬದಲಾಯಿತು. ಸನ್ಯಾಸವೆಂದರೆ ಹಳೆಯ ಹಕ್ಕುಗಳಿಂದ ಬಿಡುಗಡೆಯಾದ್ದರಿಂದ ಆ ಬದಲಾವಣೆಯೂ ಇದೇ ತರ್ಕಕ್ಕೆ ಸೇರಿದ್ದು.

ಹೆಸರು ವಂಶದ ಆಸ್ತಿಯಾಗಿತ್ತೆಂಬುದಕ್ಕೆ ಮಾಗಡಿಯ ಅರಸರೇ ಸಾಕ್ಷಿ. ಬೆಂಗಳೂರು 1638ರಲ್ಲಿ ಬಿಜಾಪುರದ ಸೇನೆಯ ಕೈ ಸೇರಿದ ಮೇಲೆ ಮಾಗಡಿಯನ್ನು ನೆಲೆ ಮಾಡಿಕೊಂಡ ಯಲಹಂಕ ನಾಡಪ್ರಭುಗಳಲ್ಲಿ ಕೆಂಪ ಎಂಬ ಹೆಸರು ತಲೆಮಾರುಗಳುದ್ದಕ್ಕೂ ಮರಳಿ ಮರಳಿ ಬಂದು, 1728ರಲ್ಲಿ ಮಾಗಡಿ ಮೈಸೂರಿನ ವಶವಾಗುವಾಗ ಆಳುತ್ತಿದ್ದವನೂ ಕೆಂಪವೀರೇಗೌಡನೇ ಆಗಿದ್ದ. ಇದರ ಇನ್ನೊಂದು ತುದಿಯಲ್ಲಿ, ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ ತಿಪ್ಪಯ್ಯ, ತಿಪ್ಪಮ್ಮ, ಗುಂಡಪ್ಪ, ಹುಚ್ಚಯ್ಯ ಎಂದು ಕರೆಯುವ ಪದ್ಧತಿಯಿತ್ತು. ಬೆಲೆಯಿಲ್ಲದ್ದೆಂದು ತೋರಿಸಿದರೆ ಸಾವು ಕಣ್ಣು ಹಾಕದು ಎಂಬ ನಂಬಿಕೆ ಅದರ ಹಿಂದಿತ್ತು. ಅರಸನ ಹೆಸರಾಗಲಿ ತಿಪ್ಪಯ್ಯನ ಹೆಸರಾಗಲಿ ಕೇಳುವವನ ಕಿವಿಗೆ ಇಂಪಾಗಿರಬೇಕೆಂಬುದು ಇಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಧ್ವನಿಗೆ ಬೆಲೆ ಕೊಟ್ಟ ಪದ್ಧತಿಗಳು ಶಾಸ್ತ್ರಗ್ರಂಥಗಳಲ್ಲಿವೆ. ಮನೆಯ ಸಂಸ್ಕಾರಗಳನ್ನು ವಿವರಿಸುವ ಗೃಹ್ಯಸೂತ್ರಗಳಲ್ಲಿ ಒಂದಾದ ಪಾರಸ್ಕರ ಗೃಹ್ಯಸೂತ್ರವು ಗಂಡುಮಗುವಿನ ಹೆಸರಿಗೆ ಎರಡು ಅಥವಾ ನಾಲ್ಕು ಅಕ್ಷರಗಳಿರಬೇಕು, ಮೊದಲಲ್ಲಿ ಘೋಷ ವ್ಯಂಜನ, ಅಂದರೆ ಗ, ಜ, ದ, ಬಗಳಂತೆ ಕಂಠ ನಾದಿಸುವ ಧ್ವನಿ ಇರಬೇಕು, ಹೆಣ್ಣುಮಗುವಿನ ಹೆಸರಿಗೆ ಬೆಸಸಂಖ್ಯೆಯ ಅಕ್ಷರಗಳಿದ್ದು ಕೊನೆಯಲ್ಲಿ ಆಕಾರ ಬರಬೇಕು ಎನ್ನುತ್ತದೆ. ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಇದಕ್ಕಿಂತ ಸರಳವಾದ ನಕ್ಷತ್ರನಾಮದ ಕ್ರಮ: ಇಪ್ಪತ್ತೇಳು ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ 108 ಪಾದಗಳಿಗೆ ಒಂದೊಂದು ಅಕ್ಷರವನ್ನು ಗೊತ್ತುಮಾಡಿರುವ ಅವಕಹಡ ಚಕ್ರ ಎಂಬ ಕೋಷ್ಟಕದ ಪ್ರಕಾರ, ಅಶ್ವಿನಿಯಲ್ಲಿ ಹುಟ್ಟಿದ ಮಗುವಿಗೆ ಚು, ಚೆ, ಚೋ, ಲಾಗಳಲ್ಲಿ ಒಂದು ಮೊದಲಕ್ಷರವಾಗುತ್ತದೆ. ಆರ್ದ್ರೆಯ ಮೂರನೆಯ ಪಾದಕ್ಕೆ ಙ, ಹಸ್ತದ ಮೂರನೆಯ ಪಾದಕ್ಕೆ ಣ ಬಂದಾಗ ಅವುಗಳಿಂದ ಶುರುವಾಗುವ ಹೆಸರೇ ಇಲ್ಲದ್ದರಿಂದ ಜೋಯಿಸರು ಬೇರೊಂದು ಅಕ್ಷರವನ್ನು ಸೂಚಿಸುತ್ತಾರೆ. ಅಂದರೆ ಶಾಸ್ತ್ರವೂ ಬಾಯಿಯ ಅನುಕೂಲಕ್ಕೆ ಬಾಗುತ್ತದೆ.

ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ನಕ್ಷತ್ರ ನೋಡಿಸುವಾಗ ಒಂದು ಲೆಕ್ಕ ತಪ್ಪುವುದುಂಟು. ನಕ್ಷತ್ರವೆಂದರೆ ಆ ಕ್ಷಣದಲ್ಲಿ ಚಂದ್ರನಿರುವ ಸ್ಥಾನವಾದ್ದರಿಂದ ಅದು ಕ್ಯಾಲಿಫೋರ್ನಿಯಾಕ್ಕೂ ಮಾಗಡಿಗೂ ಒಂದೇ. ಆದರೆ ಚಂದ್ರನು ಒಂದು ಪಾದವನ್ನು ಸುಮಾರು ಆರು ಗಂಟೆಗಳಲ್ಲಿ ದಾಟುವುದರಿಂದ, ಎರಡು ನೆಲೆಗಳ ನಡುವಣ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆಗಳ ವ್ಯತ್ಯಾಸವನ್ನು ಕೂಡಿಸದೆ ಅಲ್ಲಿನ ಗಡಿಯಾರದ ಸಮಯವನ್ನೇ ಇಲ್ಲಿನ ಪಂಚಾಂಗದಲ್ಲಿ ಹುಡುಕಿದರೆ ಎರಡು ಪಾದಗಳಷ್ಟು ಹಿಂದೆ ಹೋಗಿ ಬೇರೆಯದೇ ಅಕ್ಷರ ಸಿಗುತ್ತದೆ.

ಲೂರ್ದ್ ಎಂಬ ಊರು ಲೂರ್ದಮ್ಮನಾದದ್ದು

ಫ್ರೆಂಚ್ ಹೆಸರು ಪರಭಾಷೆಯ ನೆಲದಲ್ಲಿ ಹೇಗೆ ಬಾಳುತ್ತದೆ ಎಂಬುದಕ್ಕೆ ಇದೇ ಸೀಮೆಯಲ್ಲೊಂದು ಉದಾಹರಣೆಯಿದೆ. ಪ್ಯಾರಿಸ್ ವಿದೇಶಿ ಮಿಷನ್ ಎಂಬ ಸಂಘಕ್ಕೆ ಸೇರಿದ ಫ್ರೆಂಚ್ ಪಾದ್ರಿಗಳು 18ನೇ ಶತಮಾನದ ಕೊನೆಯಿಂದ ಮೈಸೂರು ಸೀಮೆಯ ಕ್ಯಾಥೊಲಿಕ್ ಸಭೆಗಳನ್ನು ನೋಡಿಕೊಂಡರು. ಅವರಲ್ಲಿ ಹೆಸರಾದ ಅಬೆ ದ್ಯುಬುವಾ ಶ್ರೀರಂಗಪಟ್ಟಣದ ಪತನದ ನಂತರ ಇಲ್ಲಿಗೆ ಬಂದು 1823ರವರೆಗೆ ಇದ್ದವರು. ಕನ್ನಡ ಬಾಯಿಗೆ ಒಗ್ಗದ ಅವರ ಹೆಸರನ್ನು ಬದಿಗಿಟ್ಟು ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆದರು. ಫ್ರಾನ್ಸಿನ ಲೂರ್ದ್ ಎಂಬ ಊರಿನಲ್ಲಿ 1858ರಲ್ಲಿ ಮರಿಯಮ್ಮನ ದರ್ಶನವಾಯಿತೆಂಬ ನಂಬಿಕೆ ಕ್ಯಾಥೊಲಿಕ್ ಜಗತ್ತಿನಲ್ಲೆಲ್ಲ ಹರಡಿದ ಮೇಲೆ, ಆ ಊರಿನ ಹೆಸರು ದಕ್ಷಿಣ ಭಾರತದಲ್ಲಿ ಲೂರ್ದುಮೇರಿ, ಲೂರ್ದಮ್ಮ, ಲೂರ್ದಪ್ಪ ಎಂಬ ಜನರ ಹೆಸರಾಯಿತು.

ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ, ಕ್ಯಾಥೊಲಿಕರೇ ಹೆಚ್ಚಾಗಿರುವ ಕನ್ನಡ ಹಳ್ಳಿಗಳು ಸೇರಿರುವ ಈ ಸಮುದಾಯದ ಹೆಸರುಗಳಲ್ಲಿ ಇದೇ ವಿದ್ಯಮಾನ ಉದ್ದಕ್ಕೂ ಕಾಣುತ್ತದೆ: ಇಗ್ನೇಷಿಯಸ್ ಇನ್ನಾಸಪ್ಪನಾಗಿ, ಕ್ಸೇವಿಯರ್ ಚೌರಪ್ಪನಾಗಿ, ಆಂಟನಿ ಅಂತೋಣಪ್ಪನಾಗಿ, ಮೇರಿ ಮರಿಯಮ್ಮನಾಗಿ ಬದಲಾದರು. ಇವುಗಳಲ್ಲಿ ಕೆಲವು ರೂಪಗಳು ತಮಿಳಿನ ಮೂಲಕ ಬಂದವಾದರೂ, ಅಪ್ಪ, ಅಮ್ಮ ಎಂಬ ಕೊನೆ ಸೇರಿದೊಡನೆ ಅವು ನೆರೆಹೊರೆಯ ರಂಗಪ್ಪ, ಗಂಗಮ್ಮರ ಸಾಲಿಗೇ ಸೇರಿ, ಹೊಲದಲ್ಲಿ, ಸಂತೆಯಲ್ಲಿ ಯಾರೂ ನಾಲಿಗೆ ತಡವರಿಸದೆ ಕರೆಯುವಂತಾದವು. ಲ್ಯಾಟಿನ್ ಅಥವಾ ಫ್ರೆಂಚ್ ಉಚ್ಚಾರಣೆ ಅಳಿಯಿತು, ಆದರೆ ಸಂತನ ನೆನಪು, ಹಬ್ಬದ ದಿನ, ಆ ಹೆಸರನ್ನು ಇಟ್ಟ ಕಾರಣ ಇವೆಲ್ಲವೂ ಉಳಿದವು. ಹೆಸರು ಬಾಗಿದ್ದರಿಂದಲೇ ಇಷ್ಟು ಕಾಲ ನಿಂತಿತು ಎನ್ನಬಹುದು.

ಫ್ರಾನ್ಸ್ ತನ್ನ ನೆಲದಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದಿತ್ತು. ಕ್ರಾಂತಿಯ ನಂತರ, 1803ರಲ್ಲಿ ಬಂದ ಕಾನೂನು ಮಕ್ಕಳ ಹೆಸರುಗಳನ್ನು ಪಂಚಾಂಗದ ಸಂತರಿಂದ ಅಥವಾ ಪ್ರಾಚೀನ ಇತಿಹಾಸದ ವ್ಯಕ್ತಿಗಳಿಂದ ಮಾತ್ರ ಆರಿಸಬೇಕೆಂದು ವಿಧಿಸಿತು. ಕಾಲಕ್ರಮದಲ್ಲಿ ಸಡಿಲಗೊಂಡ ಈ ನಿಯಮ ಪೂರ್ಣವಾಗಿ ಹೋದದ್ದು 1993ರಲ್ಲಿ. ಆಮೇಲೂ ಬ್ರಿಟನಿ ಪ್ರಾಂತ್ಯದ ಫಾಂಶ್ ಎಂಬ ಹೆಸರಿನಲ್ಲಿ ‘ಎನ್’ ಅಕ್ಷರದ ಮೇಲಿನ ಅಲೆಗೆರೆಯನ್ನು ಜನನ ನೋಂದಣಿಯಲ್ಲಿ ಬರೆಯಬಹುದೇ ಎಂಬ ವಿವಾದ ನ್ಯಾಯಾಲಯಕ್ಕೆ ಹೋಗಿ, ರೆನ್ ನಗರದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೆತ್ತವರ ಪರವಾಗಿ ತೀರ್ಪು ನೀಡಿತು. ಒಂದು ಗೆರೆಗಾಗಿ ಇಷ್ಟು ದೂರ ಹೋಗಬೇಕಾದ ಲೋಕದಲ್ಲಿ ಇಡೀ ವರ್ಣಮಾಲೆಯನ್ನೇ ಬಿಟ್ಟುಹೋಗುವ ಕನ್ನಡದ ಹೆಸರಿನ ಪಾಡು ಬೇರೆಯದೇ ಆಗಿರುತ್ತದೆ.

ಇಪ್ಪತ್ತಾರು ಅಕ್ಷರಗಳ ಇಕ್ಕಟ್ಟು

ಪಾಸ್‌ಪೋರ್ಟಿನ ಮೊದಲ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಗದಿ ಮಾಡಿರುವ ಮಾದರಿಯಂತೆ ತಲಾ 44 ಸ್ಥಾನಗಳಿರುವ ಈ ಸಾಲುಗಳಲ್ಲಿ ಹೆಸರಿಗೆ ಮೀಸಲಾದವು 39, ಮತ್ತು ಅಲ್ಲಿ ಬಳಸಬಹುದಾದವು ರೋಮನ್ ಲಿಪಿಯ ಇಪ್ಪತ್ತಾರು ಅಕ್ಷರಗಳು ಮಾತ್ರ. ಭಾರತೀಯ ಲಿಪಿಗಳನ್ನು ಗೆರೆ, ಚುಕ್ಕೆಗಳ ಸಹಾಯದಿಂದ ನಿಖರವಾಗಿ ಬರೆಯುವ ಅಂತರರಾಷ್ಟ್ರೀಯ ಲಿಪ್ಯಂತರ ಮಾನಕವೊಂದು 2001ರಿಂದ ಇದ್ದರೂ ಅದು ವಿದ್ವಾಂಸರ ಗ್ರಂಥಗಳನ್ನು ದಾಟಿ ಜನನ ಪ್ರಮಾಣಪತ್ರದವರೆಗೆ ಬಂದಿಲ್ಲ. ಹೀಗಾಗಿ ಹ್ರಸ್ವ ದೀರ್ಘಗಳು, ಅಲ್ಪಪ್ರಾಣ ಮಹಾಪ್ರಾಣಗಳು, ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸಿ ಉಚ್ಚರಿಸುವ ಟ, ಡ, ಣ, ಳ ಎಂಬ ಮೂರ್ಧನ್ಯಗಳು ಬರವಣಿಗೆಯಲ್ಲೇ ಕಳೆದುಹೋಗುತ್ತವೆ, ಉಳಿದದ್ದನ್ನು ಇಂಗ್ಲಿಷ್ ಓದುಗ ತನ್ನ ರೂಢಿಯಂತೆ ಓದಿಕೊಳ್ಳುತ್ತಾನೆ.

ಆ ರೂಢಿಗಳು ಮನಬಂದಂತೆ ನಡೆಯುವುದಿಲ್ಲವಾದ್ದರಿಂದ ಮುಂದಾಗಿ ಊಹಿಸಬಹುದು. ಇಂಗ್ಲಿಷ್ ಪದದ ಒಂದು ಭಾಗಕ್ಕೆ ಒತ್ತು ಬೀಳುತ್ತದೆ, ಉಳಿದ ಸ್ವರಗಳು ಸೊರಗುತ್ತವೆ. ಪ್ರತಿ ಅಕ್ಷರಕ್ಕೂ ಅದರ ಮಾತ್ರೆ ಕೊಡುವ ಕನ್ನಡದ ಕಿವಿಗೆ ಇದರಿಂದಲೇ ಹೆಸರು ಮುರಿದಂತೆ ಕೇಳುತ್ತದೆ. ಒತ್ತು ಬಿದ್ದ ಕಡೆಯ ಪ, ತ, ಕಗಳಿಗೆ ಉಸಿರು ಸೇರುವುದರಿಂದ ಪವನ್ ಮಹಾಪ್ರಾಣದ ಕಡೆ ವಾಲುತ್ತಾನೆ, ರೋಮನ್ ಲಿಪಿಯ ‘ಇ’ ಅಕ್ಷರವನ್ನು ಈಕಾರವಾಗಿ ಓದುವುದರಿಂದ ಹೇಮಾ ಹೀಮಾ ಆಗುತ್ತಾಳೆ. ದಕ್ಷಿಣ ಭಾರತದಲ್ಲಿ ತಕಾರವನ್ನು ಟಕಾರದಿಂದ ಬೇರ್ಪಡಿಸಲು ‘ಟಿ’ಯ ಜೊತೆಗೆ ‘ಎಚ್’ ಸೇರಿಸುವ ಅಭ್ಯಾಸವಿದೆ; ಇಂಗ್ಲಿಷಿನಲ್ಲಿ ಈ ಜೋಡಿ ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಉಸಿರು ಬಿಡುವ ಬೇರೊಂದು ಧ್ವನಿಗೆ ಮೀಸಲಾಗಿರುವುದರಿಂದ ಗೀತಾ, ಲತಾ, ಕಾರ್ತಿಕರು ಆ ಧ್ವನಿಯಲ್ಲೇ ಕರೆಸಿಕೊಳ್ಳುತ್ತಾರೆ. ಈ ‘ಎಚ್’ ಬೇಕೋ ಬೇಡವೋ ಎಂಬ ವಿಷಯದಲ್ಲಿ ಕನ್ನಡಿಗರಲ್ಲೇ ಒಮ್ಮತವಿಲ್ಲ: ಇನ್ಫೊಸಿಸ್‌ನ ನಾರಾಯಣಮೂರ್ತಿಯವರು ಅದನ್ನು ಇಟ್ಟುಕೊಂಡು ಮೂರ್ತಿ ಎಂದು ಬರೆದರೆ, ಸುಧಾ ಮೂರ್ತಿಯವರೂ ಮಕ್ಕಳಾದ ಅಕ್ಷತಾ, ರೋಹನ್ ಅವರೂ ಬಿಟ್ಟು ಬರೆಯುತ್ತಾರೆ.

ಲಿಂಗಸೂಚನೆಯೂ ತಲೆಕೆಳಗಾಗುತ್ತದೆ. ಫ್ರೆಂಚಿನ ಝಾಁ ಎಂಬ ಗಂಡುಹೆಸರನ್ನು ಅದೇ ಅಕ್ಷರಗಳಲ್ಲಿ ಬರೆದರೆ ಇಂಗ್ಲಿಷಿನಲ್ಲಿ ಅದು ಜೀನ್ ಎಂಬ ಹೆಂಗಸಿನ ಹೆಸರಾಗುತ್ತದೆ. ಹಾಗೆಯೇ ಆದಿತ್ಯ, ಸೂರ್ಯ, ಚಂದ್ರ, ಕೃಷ್ಣ ಎಂಬ ಅಕಾರಾಂತ ಗಂಡುಹೆಸರುಗಳು, ಅಂದರೆ ಅಕಾರದಲ್ಲಿ ಮುಗಿಯುವ ಹೆಸರುಗಳು, ಕೊನೆಯ ‘ಎ’ ಅಕ್ಷರದಿಂದಾಗಿ ಪಶ್ಚಿಮದ ಓದುಗನಿಗೆ ಹೆಣ್ಣುಹೆಸರಾಗಿ ಕಾಣುತ್ತವೆ. ಉತ್ತರ ಭಾರತದವರು ಆ ಅಕಾರವನ್ನು ನುಂಗಿ ಆನಂದ್, ವಿವೇಕ್ ಎನ್ನುವ ರೂಢಿ ಕರ್ನಾಟಕದ ನಗರಗಳಿಗೂ ಬಂದಿರುವುದರಿಂದ ಕೆಲವರಿಗೆ ಈ ತೊಂದರೆ ತಾನಾಗಿ ತಪ್ಪಿದೆ.

ಊರಿನ ಹೆಸರೇ ಕುಲನಾಮ

ಹಳೆ ಮೈಸೂರು ಸೀಮೆಯವರಿಗೆ ಬಹುಮಟ್ಟಿಗೆ ಕುಲನಾಮವೆಂಬುದಿಲ್ಲ. ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು, ಜನರ ಮಾತಿನಲ್ಲಿ ಇನಿಷಿಯಲ್‌ಗಳು, ಆ ಜಾಗವನ್ನು ತುಂಬುತ್ತವೆ; ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡರು ಎಚ್.ಡಿ. ದೇವೇಗೌಡರಾದಂತೆ, ತಿಪ್ಪಸಂದ್ರದವರ ಹೆಸರಿನ ಮುಂದೆ ‘ಟಿ’ ಬರುತ್ತದೆ. ಹೆಸರು, ಕುಲನಾಮ ಎಂಬ ಎರಡು ಖಾನೆಗಳಿರುವ ಹೊರನಾಡಿನ ಅರ್ಜಿಗೆ ಈ ರಚನೆ ಹೊಂದುವುದಿಲ್ಲ. ಕುಲನಾಮದ ಖಾನೆ ಖಾಲಿ ಬಿಟ್ಟ ಪಾಸ್‌ಪೋರ್ಟ್ ಇದ್ದವರ ಹೆಸರನ್ನು ಅಮೆರಿಕದ ವೀಸಾ ಕುಲನಾಮದ ಜಾಗಕ್ಕೆ ಸರಿಸಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂದು ನಮೂದಿಸುತ್ತದೆ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಹೀಗಾಗಿ ಒಂದು ತಲೆಮಾರಿನ ತಂದೆಯ ಹೆಸರು ಮುಂದಿನವರ ಶಾಶ್ವತ ಕುಲನಾಮವಾಗುತ್ತದೆ, ಇಲ್ಲವೇ ಊರಿನ ಹೆಸರು ಆ ಜಾಗಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ, ಆಗಿದ್ದ ವಿವೇಕ್ ಹಲ್ಲೇಗೆರೆ ಮೂರ್ತಿಯವರ ನಡುಹೆಸರು ಮಂಡ್ಯ ಜಿಲ್ಲೆಯ ಅವರ ಪೂರ್ವಿಕರ ಹಳ್ಳಿಯದು. ಶಿರಾ ತಾಲ್ಲೂಕಿನ ಮೂಲದವರಾಗಿ 2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ ಚಂದ್ರ ಆರ್ಯ ಅವರ ಹೆಸರು, ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಆಡಳಿತ ಭಾಷೆಗಳಾಗಿರುವ ಆ ದೇಶದಲ್ಲಿ ಎರಡು ಚಿಕ್ಕ ಪದಗಳಾಗಿ ಯಾವ ಖಾನೆಗೂ ಅಡ್ಡಿಯಿಲ್ಲದೆ ಕೂರುತ್ತದೆ. ಮಗುವಿಗೆ ಹೆಸರಿಡುವಾಗ ಹೆತ್ತವರು ಮೊದಲ ಪದದ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿ, ಮೊಮ್ಮಕ್ಕಳವರೆಗೂ ಹೋಗುವ ಕೊನೆಯ ಪದವನ್ನು ಅರ್ಜಿ ತುಂಬುವ ಅವಸರದಲ್ಲಿ ನಿರ್ಧರಿಸುವುದು ವಿಚಿತ್ರವಾದರೂ ಸಾಮಾನ್ಯ.

ಬರಿಯ ಹೆಸರಿನ ಹೊರೆ

ಉಚ್ಚಾರಣೆ, ಅರ್ಜಿಗಳಿಗಿಂತ ಆಳವಾದ ಬದಲಾವಣೆ ಕರೆಯುವ ರೀತಿಯಲ್ಲಾಗುತ್ತದೆ. ತಿಪ್ಪಸಂದ್ರದ ಹಳ್ಳಿಗಳಲ್ಲಿ ವ್ಯಕ್ತಿಯ ಹೆಸರು ಒಂಟಿಯಾಗಿ ಕೇಳಿಬರುವುದು ಕಡಿಮೆ. ಹಿರಿಯರನ್ನು ಅಣ್ಣ, ಅಕ್ಕ, ಮಾವ, ಅತ್ತೆ, ದೊಡ್ಡಪ್ಪ, ಚಿಕ್ಕವ್ವ ಎನ್ನುತ್ತಾರೆ, ಕಿರಿಯರನ್ನು ಮಗ, ಪುಟ್ಟಿ, ಮರಿ ಎನ್ನುತ್ತಾರೆ, ಗಂಡಹೆಂಡಿರು ಇಂಥವರ ಅಪ್ಪ, ಇಂಥವರ ಅಮ್ಮ ಎಂದು ಒಬ್ಬರನ್ನೊಬ್ಬರು ಸೂಚಿಸುತ್ತಾರೆ. ಹೆಸರಿನ ಒಳಗೂ ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಯ್ಯ ಎಂಬ ಸಂಬಂಧಪದಗಳೇ ಕೂತಿರುವುದರಿಂದ ಗಂಗಮ್ಮನನ್ನು ಯಾರು ಕರೆದರೂ ಅದರಲ್ಲಿ ಅಷ್ಟು ಗೌರವ ತಾನಾಗಿಯೇ ಸೇರಿರುತ್ತದೆ. ಇಂಗ್ಲಿಷ್ ನಾಡಿನಲ್ಲಿ ಆ ಆಸರೆ ಇಲ್ಲ. ಶಿಕ್ಷಕರು, ಸಹಪಾಠಿಗಳು, ಮುಂದೆ ಸಹೋದ್ಯೋಗಿಗಳು ಎಲ್ಲರೂ ದಿನವೂ ಬರಿಯ ಹೆಸರನ್ನೇ ಕರೆಯುವುದರಿಂದ, ಹಳ್ಳಿಯಲ್ಲಿ ಕಾಗದಕ್ಕೆ ಸೀಮಿತವಾಗಿದ್ದ ಪದದ ಮೇಲೆ ಇಡೀ ವ್ಯಕ್ತಿತ್ವದ ಭಾರ ಬೀಳುತ್ತದೆ. ತಪ್ಪು ಉಚ್ಚಾರಣೆ ಅಲ್ಲಿ ಇಷ್ಟು ನೋಯಿಸುವುದಕ್ಕೆ ಕಾರಣವೂ ಇದೇ.

ಎರಡು ಹೆಸರುಗಳ ವ್ಯವಸ್ಥೆ ಕನ್ನಡ ಮನೆಗಳಿಗೆ ಹೊಸದಲ್ಲ. ಮಗುವಿಗೆ ಮಾವನ ಅಥವಾ ಅತ್ತೆಯ ಹೆಸರಿಟ್ಟಾಗ ಸೊಸೆಯಾದವಳು ಆ ಹೆಸರು ಹಿಡಿದು ಕರೆಯುವಂತಿರಲಿಲ್ಲವಾದ್ದರಿಂದ ಬಾಯಿಗೆ ಬೇರೊಂದು ಹೆಸರನ್ನು ಇಟ್ಟುಕೊಳ್ಳುತ್ತಿದ್ದರು. ಒಂದು ಹೆಸರಿಡುವ ಶಾಸ್ತ್ರಕ್ಕೆ, ಇನ್ನೊಂದು ಕರೆಯುವುದಕ್ಕೆ. ಭಾರತದ ಜನನ ಮರಣ ನೋಂದಣಿ ಕಾಯ್ದೆಯೂ ಇದಕ್ಕೆ ಕಾಲಾವಕಾಶ ಕೊಡುತ್ತದೆ: ಜನನವನ್ನು 21 ದಿನಗಳಲ್ಲಿ ನೋಂದಾಯಿಸಬೇಕು, ಆದರೆ ಹೆಸರನ್ನು 12 ತಿಂಗಳವರೆಗೆ ಶುಲ್ಕವಿಲ್ಲದೆ, ಅನಂತರ ಶುಲ್ಕ ಕೊಟ್ಟು 15 ವರ್ಷಗಳವರೆಗೆ ಸೇರಿಸಬಹುದು. ಅಮೆರಿಕದ ಆಸ್ಪತ್ರೆಗಳು ಸಾಮಾನ್ಯವಾಗಿ ತಾಯಿ ಮನೆಗೆ ಹೊರಡುವ ಮುನ್ನವೇ ಹೆಸರನ್ನು ಕೇಳುವುದರಿಂದ, ಹನ್ನೊಂದನೆಯ ದಿನದ ನಾಮಕರಣಕ್ಕೆ ಮೊದಲೇ ಕಾಗದದ ಹೆಸರು ನಿಶ್ಚಯವಾಗಿ, ತೊಟ್ಟಿಲಿನ ಶಾಸ್ತ್ರಕ್ಕೆ ಕಿವಿಯಲ್ಲಿ ಹೇಳುವ ಹೆಸರು ಮಾತ್ರ ಉಳಿದಿರುತ್ತದೆ.

ಆಯ್ಕೆಯ ದಾರಿಗಳು

ಹೊರನಾಡ ಕನ್ನಡಿಗರ ನಡುವೆ ಮೂರು ದಾರಿಗಳು ಕಾಣುತ್ತವೆ. ಮೊದಲನೆಯದು ಎರಡೂ ಕಡೆ ಸಲ್ಲುವ ಹೆಸರನ್ನು ಹುಡುಕುವುದು: ಮಾಯಾ, ತಾರಾ, ಮೀರಾ, ನೀಲ್, ಜಯ್ ಮುಂತಾದವು ಇಂಗ್ಲಿಷ್ ಕಿವಿಗೂ ಪರಿಚಿತವಾಗಿವೆ, ಮತ್ತು ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತವು 1880ರಿಂದ ಈಚಿನ ವರ್ಷಗಳಿಗೆ ಪ್ರಕಟಿಸುವ ಹೆಸರುಗಳ ಪಟ್ಟಿಯಲ್ಲಿ ಮಾಯಾ ಮುಂಚೂಣಿಯಲ್ಲೇ ಇದೆ. ಇದರಲ್ಲಿ ಸುಖವಿದೆ, ಆದರೆ ಎಲ್ಲರೂ ಅದೇ ಹತ್ತಿಪ್ಪತ್ತು ಹೆಸರುಗಳಿಗೆ ಬರುವುದರಿಂದ ಊರು, ದೇವರು, ಅಜ್ಜಿಯರಲ್ಲಿ ಯಾರೊಬ್ಬರ ಗುರುತೂ ಅವುಗಳಲ್ಲಿ ಉಳಿಯುವುದಿಲ್ಲ. ಎರಡನೆಯದು ಹಳೆಯ ಹೆಸರನ್ನು ನಡುಹೆಸರಾಗಿ ಕಾಗದದಲ್ಲಿ ಉಳಿಸುವುದು. ಮೂರನೆಯದು ಪೂರ್ಣ ಕನ್ನಡದ ಹೆಸರನ್ನೇ ಇಟ್ಟು, ಅದು ಹೊರಗಿನವರ ಬಾಯಲ್ಲಿ ಹೇಗೆ ಬಾಗಬಹುದೆಂದು ಮೊದಲೇ ಯೋಚಿಸಿ, ಆ ಬಾಗಿದ ರೂಪವನ್ನೂ ತಮ್ಮದೆಂದೇ ಒಪ್ಪಿಕೊಳ್ಳುವುದು.

ಮೂರನೆಯ ದಾರಿ ಕಷ್ಟದ್ದೆಂದು ಕಾಣುತ್ತದಾದರೂ ಇನ್ನಾಸಪ್ಪ, ಲೂರ್ದಮ್ಮರ ಇತಿಹಾಸ ಅದರ ಪರವಾಗಿದೆ. ಕಬ್ಬಾಳಮ್ಮನ ಹೆಸರಿನ ಅಜ್ಜಿಯ ಮೊಮ್ಮಗಳಿಗೆ ಕವಿತಾ ಎಂದು ಮೊದಲಕ್ಷರ ಹೊಂದಿಸಿ ಇಡುವುದಕ್ಕಿಂತ, ರಂಗಮ್ಮನ ಮೊಮ್ಮಗನಿಗೆ ಧ್ವನಿಯಲ್ಲೂ ಬರವಣಿಗೆಯಲ್ಲೂ ತೊಡಕಿಲ್ಲದ ರಂಗ ಎಂಬ ಹೆಸರನ್ನೇ ಇಡುವುದು ಹೆಚ್ಚು ಪ್ರಾಮಾಣಿಕವಾದ ರಾಜಿ. ಹೊನ್ನ, ರೇವಾ, ಮಾದೇವ, ಸೋಮ ಇಂಥ ಎಷ್ಟೋ ಹಳೆಯ ಹೆಸರುಗಳಲ್ಲಿ ಮೂರ್ಧನ್ಯಗಳೂ ಮಹಾಪ್ರಾಣಗಳೂ ಇಲ್ಲದಿರುವುದರಿಂದ ಅವು ಸಂಸ್ಕೃತದ ಉದ್ದದ ಹೊಸ ಹೆಸರುಗಳಿಗಿಂತ ಸುಲಭವಾಗಿ ಸಮುದ್ರ ದಾಟಬಲ್ಲವು. ತಿಪ್ಪಸಂದ್ರದಿಂದ ಹೊರದೇಶಕ್ಕೆ ಹೊರಡುವವರು ಸಾಮಾನ್ಯವಾಗಿ 2013ರಲ್ಲಿ ಅದೇ ಯಲಹಂಕ ನಾಡಪ್ರಭುಗಳ ವಂಶದ ಕೆಂಪೇಗೌಡರ ಹೆಸರಿಟ್ಟ ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ಹೋಗುತ್ತಾರೆ; ಪರದೇಶದ ಪೈಲಟ್‌ಗಳು ಆ ಹೆಸರನ್ನು ತಮಗೆ ಬಂದಂತೆ ಹೇಳುತ್ತಾರೆ, ಅದರಿಂದ ಹೆಸರಿಗೇನೂ ಕುಂದಾಗಿಲ್ಲ. ಹಳೆಯ ಹೆಸರುಗಳನ್ನು ಹಳ್ಳಿಗಾಡಿನವೆಂದು ಕೈಬಿಟ್ಟವರು ಇಂಗ್ಲಿಷರಲ್ಲ, ಬೆಂಗಳೂರಿನ ಶಾಲೆಗಳಿಗೆ ಮಕ್ಕಳನ್ನು ಸೇರಿಸುವ ಕಾಲದಲ್ಲಿ ಕನ್ನಡಿಗರೇ ಎಂಬುದನ್ನು ಇಲ್ಲಿ ನೆನೆಯಬೇಕು.

ಕಾಗದದ ರೂಪದ ಬಗ್ಗೆ ಮಾತ್ರ ಆತುರ ಸಲ್ಲದು, ಏಕೆಂದರೆ ಅದು ಬಾಯಿಯ ರೂಪಕ್ಕಿಂತ ದೀರ್ಘಾಯುಷಿ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನ ಕ್ಲೋಸ್‌ಪೇಟೆ ರಾಮನಗರವಾಗಿ ದಶಕಗಳಾದವು, 2025ರಲ್ಲಿ ರಾಜ್ಯ ಸಚಿವ ಸಂಪುಟವು ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ಒಪ್ಪಿದ್ದೂ ಆಯಿತು. ಆದರೂ ಈ ಸೀಮೆಯ ಬಂಡೆಗಳಿಗೆ ಭೂವಿಜ್ಞಾನದ ಗ್ರಂಥಗಳಲ್ಲಿ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂಬುದೇ ಹೆಸರು. ಆದ್ದರಿಂದ ರೋಮನ್ ಕಾಗುಣಿತವನ್ನು ಒಮ್ಮೆ ನಿಶ್ಚಯಿಸಿ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಎಲ್ಲದರಲ್ಲೂ ಒಂದೇ ರೀತಿ ಬರೆಸುವುದು, ಹೆಸರನ್ನು ಇಂಗ್ಲಿಷ್ ಮಾತ್ರ ಬಲ್ಲವರೊಬ್ಬರಿಂದ ಮುಂದಾಗಿ ಓದಿಸಿ ಕೇಳುವುದು, ಮಗುವಿಗೆ ಅದನ್ನು ಕನ್ನಡದಲ್ಲಿ ಬರೆಯಲು ಕಲಿಸುವುದು ಇವು ಮೂರೂ ಖರ್ಚಿಲ್ಲದ ಮುನ್ನೆಚ್ಚರಿಕೆಗಳು.

ಹೆಸರಿನಿಂದಲೇ ಭಾಷೆ ಉಳಿಯುತ್ತದೆ ಎಂಬ ಭರವಸೆಗೂ, ಹೆಸರು ಬಾಗಿದರೆ ಭಾಷೆ ಹೋಯಿತೆಂಬ ಭಯಕ್ಕೂ ಆಧಾರ ಸಾಲದು. ಮನೆಯಲ್ಲಿ ಕನ್ನಡದ ಮಾತಿದ್ದರೆ ಮಾಯಾ ಎಂಬ ಹುಡುಗಿಯೂ ಕನ್ನಡದವಳಾಗಿಯೇ ಬೆಳೆಯುತ್ತಾಳೆ, ಆ ಮಾತಿಲ್ಲದ ಮನೆಯಲ್ಲಿ ಅಪ್ರಮೇಯನ ಹೆಸರೂ ಅರ್ಜಿಯ ಖಾನೆಯಲ್ಲಿ ಕೂತ ಒಂದು ಉದ್ದದ ಪದವಷ್ಟೇ ಆಗುತ್ತದೆ. ಹೀಗಾಗಿ ಹೆಸರಿಡುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಅದರ ಅರ್ಥವೇನೆಂಬುದಲ್ಲ, ಹೊರಗಿನವರಿಗೆ ಅದು ಸುಲಭವೇ ಎಂಬುದೂ ಅಲ್ಲ. ಅದನ್ನು ಸರಿಯಾಗಿ ಕರೆಯುವ ಎಷ್ಟು ಜನ ಆ ಮಗುವಿನ ದಿನನಿತ್ಯದಲ್ಲಿ ಇರುತ್ತಾರೆ ಎಂಬುದು. ಅಂಥವರು ಇಬ್ಬರಿದ್ದರೂ ಹೆಸರು ನಿಲ್ಲುತ್ತದೆ, ಉಳಿದವರ ಉಚ್ಚಾರಣೆಯನ್ನು ಮಗು ತಾನೇ ತಿದ್ದಿಕೊಳ್ಳುತ್ತದೆ ಅಥವಾ ಕ್ಷಮಿಸುತ್ತದೆ.